ಮಲಗಿಸುವ ಮುನ್ನ ತುಂಬಿಸಿ

ದೀಪಾವಳಿ ಮುಗಿದು ಧಾರವಾಡದಲ್ಲಿ ಮುಂಜಾನೆಯ ಚಳಿ ಬಿಗಿಯಾಗುವ ಹೊತ್ತಿಗೆ ಗ್ಯಾರೇಜುಗಳಲ್ಲಿ ಒಂದೇ ಮಾತು: ‘ಸೆಲ್ಫ್ ತಗೋವಲ್ದ್ರಿ.’ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಹುಡುಗ ಹಬ್ಬಕ್ಕೆ ಊರಿಗೆ ಹೋಗುವಾಗ ರೂಮಿನ ಮುಂದೆ ಬಿಟ್ಟ ಬೈಕು, ಚಿಗರಿ ಬಸ್ಸು ಬಂದ ಮೇಲೆ ಹುಬ್ಬಳ್ಳಿ ಓಡಾಟಕ್ಕೆ ಬೇಡವಾದ ಬೈಕು, ಎಲ್ಲವೂ ಅಲ್ಲಿಗೆ ತಳ್ಳಿಸಿಕೊಂಡು ಬರುತ್ತವೆ. ಮಾಲೀಕರ ತಕರಾರೂ ಒಂದೇ: ‘ಓಡಿಸೇ ಇಲ್ಲಲ್ರಿ, ಹೆಂಗ ಕೆಡ್ತು?’

ಓಡಿಸದೆ ಬಿಟ್ಟದ್ದಕ್ಕೇ ಕೆಟ್ಟಿತು. ಇಟ್ಟದ್ದು ಇಟ್ಟ ಹಾಗೇ ಇರುತ್ತದೆ ಎಂಬ ನಂಬಿಕೆ ಬ್ಯಾಟರಿಯ ಮುಂದೆ ನಡೆಯುವುದಿಲ್ಲ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ ಮತ್ತು ಆಮ್ಲದ ಬ್ಯಾಟರಿಯ ವಂಶವೇ ಇಂದಿಗೂ ನಮ್ಮ ಬಹುಪಾಲು ಬೈಕುಗಳಲ್ಲಿರುವುದು. ಸುಮ್ಮನೆ ಕೂತರೂ ಅದರ ಚಾರ್ಜು ಇಳಿಯುತ್ತಿರುತ್ತದೆ. ಜತೆಗೆ ಮೀಟರಿನ ಗಡಿಯಾರ, ಕಳ್ಳರ ಅಲಾರಂ ಚೂರುಚೂರೇ ಹೀರುತ್ತವೆ. ಚಾರ್ಜು ಇಳಿದಂತೆ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ. ಹೊಸದರಲ್ಲಿ ಅದು ಸಣ್ಣ ಕಣ, ಚಾರ್ಜು ಮಾಡಿದರೆ ಹೋಗಿಬಿಡುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಡುಸಾಗುತ್ತದೆ. ಆಮೇಲೆ ಏನು ಮಾಡಿದರೂ ಮೊದಲಿನ ಕಸುವು ಬಾರದು.

ಬೈಸಿಕೊಳ್ಳುವುದು ಮಾತ್ರ ಚಳಿ. ಧಾರವಾಡದ ಚಳಿ ಎಷ್ಟು ಕೊರೆದರೂ ಸೊನ್ನೆ ಡಿಗ್ರಿಯ ಹತ್ತಿರ ಸುಳಿಯುವುದಿಲ್ಲ. ತಂಪಿನಲ್ಲಿ ಬ್ಯಾಟರಿಯ ಶಕ್ತಿ ತುಸು ಕುಗ್ಗುತ್ತದೆ, ಎಂಜಿನ್ ಆಯಿಲ್ ಮಂದವಾಗುತ್ತದೆ, ಅಷ್ಟೇ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಆದ ಸವೆತ ಡಿಸೆಂಬರಿನ ಮುಂಜಾನೆ ಬಯಲಿಗೆ ಬರುತ್ತದೆ. ನಿಜವಾದ ಚಳಿಯ ಲಡಾಖಿನಲ್ಲೂ ಪೂರ್ತಿ ಚಾರ್ಜಾದ ಬ್ಯಾಟರಿ ತಡೆದುಕೊಳ್ಳುತ್ತದೆ. ಅದರೊಳಗಿನ ಆಮ್ಲ ಹೆಪ್ಪುಗಟ್ಟಲು ಮೈನಸ್ 50 ಡಿಗ್ರಿಯಷ್ಟು ಶೀತ ಬೇಕು. ಖಾಲಿಯಾದ ಬ್ಯಾಟರಿಯಾದರೋ ಮೈನಸ್ ಏಳೆಂಟು ಡಿಗ್ರಿಗೇ ಹೆಪ್ಪುಗಟ್ಟಿ ಒಡೆಯಬಹುದು. ಹೊರಗಿನ ಚಳಿ ಅದೇ, ವ್ಯತ್ಯಾಸ ಒಳಗಿನದು.

ಇನ್ನು ಕೆಲವರ ಕಾಳಜಿ ಬೇರೆ ಥರದ್ದು. ಮಗ ಬೆಂಗಳೂರಿಗೆ ನೌಕರಿಗೆ ಹೋಗಿರುತ್ತಾನೆ. ಅಪ್ಪ ದಿನಾ ಬೆಳಗ್ಗೆ ಕವರು ಸರಿಸಿ, ಬೈಕು ಶುರು ಮಾಡಿ, ಎರಡು ನಿಮಿಷ ಗುರುಗುಟ್ಟಿಸಿ ಬಂದ್ ಮಾಡುತ್ತಾರೆ. ಸೆಲ್ಫ್ ಹೊಡೆಯಲು ಖರ್ಚಾದ ಕರೆಂಟು ಆ ಎರಡು ನಿಮಿಷದಲ್ಲಿ ತುಂಬುವುದು ಕಷ್ಟ. ಹೀಗೆ ದಿನವೂ ಕೊಡುವುದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚಾಗಿ ಒಂದು ದಿನ ಬ್ಯಾಟರಿ ‘ಟಕ್ ಟಕ್’ ಎಂದು ಸುಮ್ಮನಾಗುತ್ತದೆ. ಮೊದಲಾದರೆ ಕಿಕ್ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಅನೇಕ ಗಾಡಿಗಳಿಗೆ ಕಿಕ್ಕೇ ಇಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಎತ್ತುವ ಪಂಪಿಗೂ ಕರೆಂಟೇ ಬೇಕು. ಬ್ಯಾಟರಿ ಪೂರ್ತಿ ಕೂತರೆ ಓಣಿಯ ಹುಡುಗರೆಲ್ಲ ಸೇರಿ ದೂಡಿದರೂ ಪ್ರಯೋಜನವಿಲ್ಲ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಮೊದಲು ಪೂರ್ತಿ ಚಾರ್ಜು ಮಾಡಿಸಿ, ಮೈನಸ್ ವಯರ್ ಬಿಚ್ಚಿಡಿ. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಅದೇ ಕೊನೆಗೆ. ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಿ: 12.6 ವೋಲ್ಟಿನ ಮೇಲಿದ್ದರೆ ಸರಿ, 12.4ಕ್ಕಿಂತ ಇಳಿದರೆ ಮತ್ತೆ ಚಾರ್ಜು ಬೇಕು. ನೀರು ಹಾಕುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ನಳದ ನೀರು ಬೇಡ. ಬಿಚ್ಚಿಡುವ ಉಸಾಬರಿ ಬೇಡವೆಂದರೆ ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸಿ.

ವಿಶ್ರಾಂತಿ ಯಾರನ್ನೂ ಕೆಡಿಸುವುದಿಲ್ಲ. ಬರಿದಾಗಿ ಬಿದ್ದಿರುವುದು ಕೆಡಿಸುತ್ತದೆ. ಬಿಟ್ಟು ಹೋದ ಮನೆಗೂ ಈ ಮಾತು ಸಲ್ಲುತ್ತದೆ. ‘ಊಟ ಆತಿಲ್ಲೋ, ಆರಾಮ ಅದೀರಿಲ್ಲೋ’ ಎಂದು ಕೇಳಿ ಎರಡು ನಿಮಿಷಕ್ಕೆ ಫೋನ್ ಇಟ್ಟರೆ ಕೇಳಿದ ಶಾಸ್ತ್ರವಾದೀತು, ಹೆತ್ತವರ ಮನಸ್ಸು ತುಂಬದು. ದೂರದ ಊರಲ್ಲಿರುವ ಮಕ್ಕಳೇ, ಸಂಕ್ರಾಂತಿಗೆ ಬಂದಾಗ ಮೊಬೈಲು ಬದಿಗಿಡಿ. ಇಬ್ಬರೂ ಹೆಲ್ಮೆಟ್ ಹಾಕಿಕೊಂಡು, ಅಪ್ಪನನ್ನು ಹಿಂದೆ ಕೂರಿಸಿಕೊಂಡು ಉಣಕಲ್ ಕೆರೆಯ ತನಕ ಒಂದು ಸುತ್ತು ಹೋಗಿ ಬನ್ನಿ. ಬ್ಯಾಟರಿಗೂ ಅಷ್ಟು ದೂರ ಬೇಕೇ ಬೇಕು.