ಛಾಯಾಚಿತ್ರಗಳ ಪ್ರತಿ: ಪರಿಗ್ರಹವೇ, ರಕ್ಷಣೆಯೇ?

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವೂ ಒಂದು. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ವಸ್ತ್ರ, ಪಾತ್ರೆ ಮೊದಲಾದವುಗಳಿಗೆ ಅವನು ತನಗೆ ತಾನೇ ಒಂದು ಮಿತಿಯನ್ನು ಹಾಕಿಕೊಳ್ಳುತ್ತಾನೆ. ಈ ಪಟ್ಟಿ ಸಿದ್ಧವಾದ ಕಾಲದಲ್ಲಿ ಇಲ್ಲದಿದ್ದ ಒಂದು ಸಂಗ್ರಹ ಇಂದು ಮನೆಮನೆಯಲ್ಲಿಯೂ ಬೆಳೆಯುತ್ತಿದೆ. ಅದು ಮೊಬೈಲ್ ಫೋನಿನಲ್ಲಿ ತುಂಬಿರುವ ಸಾವಿರಾರು ಛಾಯಾಚಿತ್ರಗಳ ಸಂಗ್ರಹ. ಅದಕ್ಕೆ ತೂಕವಿಲ್ಲ, ಪೇಟೆಯಲ್ಲಿ ಬೆಲೆಯಿಲ್ಲ. ಆದರೂ ಫೋನು ಕೆಟ್ಟುಹೋದ ದಿನ ಮನೆಯವರು ಪಡುವ ಸಂಕಟವು ಫೋನಿನ ಬೆಲೆಗೆ ಸಂಬಂಧಿಸಿದ್ದಲ್ಲ. ಇಂತಹ ಚಿತ್ರಗಳಿಗೆ ಒಂದಲ್ಲ, ಎರಡು ಮೂರು ಪ್ರತಿಗಳನ್ನು ಇಡಬೇಕೆಂದು ತಿಳಿದವರು ಹೇಳುತ್ತಾರೆ. ಇದ್ದ ಒಂದನ್ನೇ ಬಿಡಲು ಅಭ್ಯಾಸ ಮಾಡಬೇಕಾದವನು ಅದನ್ನು ಮೂರಾಗಿ ಮಾಡಿಕೊಳ್ಳುವುದು ವ್ರತಕ್ಕೆ ಒಪ್ಪುವುದೇ ಎಂಬುದು ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ, ಗುರುತಿಸಿದ್ದಾರೆ. ಈ ಮಾತು ಎಷ್ಟು ಸೂಕ್ಷ್ಮವೋ ಅಷ್ಟೇ ಅಪಾಯಕಾರಿಯೂ ಹೌದು. ಏನನ್ನು ಗುಡ್ಡೆ ಹಾಕಿಕೊಂಡವರೂ ತಮಗೆ ಅದರಲ್ಲಿ ಮಮತ್ವವಿಲ್ಲವೆಂದು ಹೇಳಿಕೊಳ್ಳಬಹುದು. ಆದುದರಿಂದ ಇನ್ನೊಂದು ಪ್ರಶ್ನೆಯನ್ನು ಮೊದಲು ಕೇಳುವುದು ಒಳ್ಳೆಯದು: ಈ ಚಿತ್ರಗಳು ಯಾರ ಸ್ವತ್ತು?

ಅಜ್ಜಿಯು ಸ್ವರ್ಗಸ್ಥರಾಗುವ ಮುನ್ನ ತೆಗೆದ ಕೊನೆಯ ಚಿತ್ರವು ಹಿರಿಯ ಮಗನ ಫೋನಿನಲ್ಲಿರಬಹುದು. ಫೋನು ಅವನದು, ಚಿತ್ರವು ಅವನೊಬ್ಬನದೇ ಎನ್ನಲಾಗದು. ತಂಗಿಗೆ, ಮೊಮ್ಮಕ್ಕಳಿಗೆ, ಇನ್ನೂ ಹುಟ್ಟದವರಿಗೆ ಅದರಲ್ಲಿ ಪಾಲಿದೆ. ಬಸದಿಯ ಟ್ರಸ್ಟಿನ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಪಂಚಕಲ್ಯಾಣದ ಚಿತ್ರಗಳು, ಶಾಸನಗಳ ಚಿತ್ರಗಳು, ಜೀರ್ಣೋದ್ಧಾರಕ್ಕೆ ಮೊದಲು ಗೋಡೆ ಹೇಗಿತ್ತೆಂಬುದಕ್ಕೆ ಉಳಿದಿರುವ ಏಕೈಕ ಸಾಕ್ಷಿ, ಇವೆಲ್ಲವೂ ಎಷ್ಟೋ ಕಡೆ ಕಾರ್ಯದರ್ಶಿಯವರ ಸ್ವಂತ ಫೋನಿನಲ್ಲಿಯೇ ಇರುತ್ತವೆ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ಇದು ನ್ಯಾಸ. ನಂಬಿ ಇಟ್ಟ ಒಡವೆ. ನ್ಯಾಸಾಪಹಾರವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಲಾಗಿದೆ. ಅಲ್ಲಿ ಹೇಳಿರುವುದು ಬೇಕೆಂದೇ ನುಂಗಿಹಾಕುವುದನ್ನು. ಆದರೆ ಅಸಡ್ಡೆಯಿಂದ ಕಳೆದವನ ಮುಂದೆ ನಿಂತ ಒಡವೆಯ ಒಡೆಯನಿಗೆ ಆಗುವ ನಷ್ಟವು ಬೇರೆಯಲ್ಲ. ಸ್ವಂತ ವಸ್ತು ಹೋದಾಗ ಹೋಯಿತೆಂದು ಬಿಡುವುದು ವೈರಾಗ್ಯ. ಪರರ ಒಡವೆಯನ್ನು ಕಳೆದು ಹಾಗೆನ್ನುವುದು ಪ್ರಮಾದ.

ಪ್ರತಿ ಮಾಡಿಸುವುದನ್ನು ಪುಣ್ಯಕಾರ್ಯವೆಂದು ತಿಳಿದ ಪರಂಪರೆಗೆ ಇದು ಹೊಸ ವಿಚಾರವೇನೂ ಅಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದು ಸರ್ವವಿದಿತ. ಆಕೆಯು ಆ ಸಾವಿರವನ್ನೂ ತನ್ನ ಭಂಡಾರದಲ್ಲಿಯೇ ಪೇರಿಸಿಟ್ಟಿದ್ದರೆ ಅದು ಸಂಗ್ರಹವಾಗುತ್ತಿತ್ತು, ಹಂಚಿದ್ದರಿಂದ ಶಾಸ್ತ್ರದಾನವಾಯಿತು. ಕೈಬಿಟ್ಟು ಹೋದ ಪ್ರತಿಯು ಒಡೆತನವನ್ನು ಸಡಿಲಿಸುತ್ತದೆ, ವಸ್ತುವನ್ನು ಉಳಿಸುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಧವಲಾ, ಜಯಧವಲಾ, ಮಹಾಬಂಧಗಳ ತಾಳೆಗರಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿ ಮಾತ್ರ ಉಳಿದು, ಶತಮಾನಗಳ ಕಾಲ ಓದುವುದಕ್ಕಿಂತ ಹೆಚ್ಚಾಗಿ ದರ್ಶನದ ವಸ್ತುಗಳಾಗಿದ್ದವು. ಕಾಪಾಡಿದವರ ಭಕ್ತಿಯನ್ನು ಯಾರೂ ಸಂಶಯಿಸಲಾರರು. ಅವರಿಲ್ಲದಿದ್ದರೆ ಏನೂ ಉಳಿಯುತ್ತಿರಲಿಲ್ಲ. ಆದರೂ ಮಹಾಬಂಧದ ಕೆಲವು ಗರಿಗಳು ಕಾಲಕ್ಕೆ ತುತ್ತಾದವು. ಬೇರೆ ಪ್ರತಿ ಇಲ್ಲದ್ದರಿಂದ ಆ ಭಾಗ ತುಂಬಿಬರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಸಹಿತವಾದ ಷಟ್‌ಖಂಡಾಗಮವು 1939ರಿಂದ 1958ರ ಅವಧಿಯಲ್ಲಿ 16 ಸಂಪುಟಗಳಾಗಿ ಹೊರಬಂದ ಮೇಲೆಯೇ ಆ ಭಯ ನಿವಾರಣೆಯಾಯಿತು.

ಛಾಯಾಚಿತ್ರವು ಆಗಮವಲ್ಲ, ನಿಜ. ಆದರೆ ನಾಶವಾಗುವ ರೀತಿ ಎರಡಕ್ಕೂ ಒಂದೇ. ಶ್ರವಣಬೆಳಗೊಳದ 1981ರ ಮಹಾಮಸ್ತಕಾಭಿಷೇಕದಲ್ಲಿ ತೆಗೆದ ಕಾಗದದ ಚಿತ್ರಗಳು ಬಣ್ಣ ಮಾಸಿದ್ದರೂ ಆಲ್ಬಮ್ಮುಗಳಲ್ಲಿ ನೋಡಲು ಸಿಗುತ್ತವೆ. 2006ರ ಅಭಿಷೇಕದ ಚಿತ್ರಗಳನ್ನು ಹಲವರು ಸಿ.ಡಿ.ಗಳಲ್ಲಿ ಹಾಕಿಸಿಟ್ಟರು, ಇಂದು ಕೊಳ್ಳುವ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. 2018ರ ಚಿತ್ರಗಳು ಆ ಕಾಲದ ಫೋನುಗಳಲ್ಲಿ ಸೇರಿಕೊಂಡವು. ಆ ಫೋನುಗಳಲ್ಲಿ ಎಷ್ಟು ಇನ್ನೂ ಹೊತ್ತಿಕೊಳ್ಳುತ್ತವೆಂಬುದನ್ನು ಪ್ರತಿಯೊಂದು ಕುಟುಂಬವೂ ಪರೀಕ್ಷಿಸಿ ನೋಡಬಹುದು.

ರಕ್ಷಣೆಯ ಕ್ರಮವು ಕಷ್ಟದ್ದಲ್ಲ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಒಂದು ಸೂತ್ರದಂತೆ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು. ಫೋನು ಅಥವಾ ಗಣಕಯಂತ್ರದಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಅಂತರ್ಜಾಲದ ಸಂಗ್ರಹದಲ್ಲಾಗಲಿ ಪರಊರಿನ ಮಗಳ ಮನೆಯಲ್ಲಾಗಲಿ ಇನ್ನೊಂದು. ಬೇರೆ ಊರೆಂಬುದು ಉತ್ಪ್ರೇಕ್ಷೆಯಲ್ಲ. 2019ರ ಆಗಸ್ಟ್ ತಿಂಗಳಲ್ಲಿ ನದಿಗಳು ಉಕ್ಕಿ ಬೆಳಗಾವಿ, ಸಾಂಗ್ಲಿ, ಕೊಲ್ಲಾಪುರ ಜಿಲ್ಲೆಗಳ ಮನೆಗಳಿಗೆ ನೀರು ನುಗ್ಗಿತು. ಒಂದೇ ಕಪಾಟಿನಲ್ಲಿ ಹತ್ತು ಪ್ರತಿಗಳಿದ್ದರೂ ಅಂತಹ ನೀರಿಗೆ ಅವು ಒಂದೇ. ದೊಡ್ಡ ಸಂಸ್ಥೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ: 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಮೂಲವನ್ನೂ ಪ್ರತಿಯನ್ನೂ ಅದೇ ಆವರಣದಲ್ಲಿ ಇರಿಸಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಇಲ್ಲಿ ಒಂದು ಭ್ರಮೆಯನ್ನು ಬಿಡಿಸಬೇಕು. ಫೋನಿನ ಚಿತ್ರಗಳು ಅಂತರ್ಜಾಲದ ಖಾತೆಗೆ ತಾವಾಗಿಯೇ ಏರುತ್ತಿದ್ದರೆ ಪ್ರತಿ ಇದ್ದಂತೆಯೇ ಎಂದು ಬಹುಮಂದಿ ತಿಳಿದಿದ್ದಾರೆ. ಅಂತಹ ಖಾತೆಯಲ್ಲಿ ಫೋನೂ ಸಂಗ್ರಹವೂ ಒಂದಕ್ಕೊಂದು ಕನ್ನಡಿಯಂತೆ ಇರುವುದುಂಟು. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಕೆಲವು ದಿನ ಕಸದ ಬುಟ್ಟಿಯಲ್ಲಿದ್ದು ಶಾಶ್ವತವಾಗಿ ಮರೆಯಾಗುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದ ಚಿತ್ರವಂತೂ ಕುಗ್ಗಿದ ಚಿತ್ರ. ಅದನ್ನು ಪ್ರತಿಯೆಂದು ಎಣಿಸಲಾಗದು. ಸಂಸ್ಥೆಗಳ ಷರತ್ತುಗಳೂ ಬದಲಾಗುತ್ತವೆ. ಗೂಗಲ್ ಫೋಟೋಸ್ 2015ರಲ್ಲಿ ಆರಂಭವಾದಾಗ ಮಿತಿಯಿಲ್ಲದೆ ಉಚಿತವಾಗಿ ನೀಡಿದ ಸೌಲಭ್ಯವು 2021ರ ಜೂನ್ 1ರಂದು ಕೊನೆಗೊಂಡಿತು. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸಬಹುದೆಂದು ಅದೇ ಸಂಸ್ಥೆ 2023ರಲ್ಲಿ ಪ್ರಕಟಿಸಿತು. ಮೈಸ್ಪೇಸ್ ಎಂಬ ತಾಣವು ಯಂತ್ರಗಳ ಸ್ಥಳಾಂತರದಲ್ಲಿ ಬಳಕೆದಾರರ ಹಳೆಯ ಹಾಡು, ಚಿತ್ರಗಳು ನಷ್ಟವಾದುವೆಂದು 2019ರಲ್ಲಿ ಒಪ್ಪಿಕೊಂಡಿತು.

ಪ್ರತಿ ಇದೆಯೆಂಬ ನಂಬಿಕೆ ಬೇರೆ, ಪ್ರತಿ ತೆರೆಯುತ್ತದೆಂಬ ಖಾತರಿ ಬೇರೆ. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಟಾಯ್ ಸ್ಟೋರಿ 2 ಚಿತ್ರದ ಕಡತಗಳು ತಪ್ಪಾದ ಒಂದು ಆಜ್ಞೆಯಿಂದ ಅಳಿದುಹೋದವು. ಮೀಸಲು ಪ್ರತಿಯನ್ನು ತೆಗೆದು ನೋಡಿದರೆ ಅದೂ ಕೆಲಸಕ್ಕೆ ಬರುವಂತಿರಲಿಲ್ಲ. ಸಿಬ್ಬಂದಿಯ ಗ್ಯಾಲಿನ್ ಸುಸ್ಮನ್ ಎಂಬವರು ಮನೆಯಿಂದ ಕೆಲಸ ಮಾಡಲು ಇರಿಸಿಕೊಂಡಿದ್ದ ಪ್ರತಿಯೊಂದು ಆ ಚಿತ್ರವನ್ನು ಉಳಿಸಿತು. ಅಂಗಡಿಯಲ್ಲಿ ರಾತ್ರಿ ಶಿಲ್ಕನ್ನು ಎಣಿಸಿ ಕಿರ್ದಿಯೊಡನೆ ತಾಳೆ ನೋಡದೆ ಯಾರೂ ಬಾಗಿಲು ಹಾಕುವುದಿಲ್ಲ. ಹಾರ್ಡ್ ಡಿಸ್ಕನ್ನು ಮಾತ್ರ ಬೀರುವಿನಲ್ಲಿಟ್ಟು ಐದು ವರ್ಷ ಮರೆತುಬಿಡುತ್ತಾರೆ. ಜ್ಯೇಷ್ಠ ಶುದ್ಧ ಪಂಚಮಿಯಂದು, ಶ್ರುತಪಂಚಮಿಯ ದಿನ, ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿಡುವ ಪದ್ಧತಿ ನಮ್ಮಲ್ಲಿದೆ. ಅದೇ ದಿನ ಟ್ರಸ್ಟಿನ ಡಿಸ್ಕುಗಳನ್ನೂ ಜೋಡಿಸಿ, ಅಲ್ಲೊಂದು ಇಲ್ಲೊಂದು ಚಿತ್ರವನ್ನು ತೆರೆದು ನೋಡಿ, ಹಳತಾದ ಡಿಸ್ಕಿನದನ್ನು ಹೊಸದಕ್ಕೆ ವರ್ಗಾಯಿಸಿದರೆ ಹಬ್ಬದ ಅರ್ಥ ಕಡಿಮೆಯಾಗದು.

ಇಷ್ಟಾದರೂ ಮೊದಲಿನ ಪ್ರಶ್ನೆ ಪೂರ್ತಿ ಪರಿಹಾರವಾಗಲಿಲ್ಲ. ಒಂದೇ ತಟ್ಟೆಯ ಹನ್ನೆರಡು ಚಿತ್ರಗಳನ್ನೂ ಮಸುಕಾದ ನೂರನ್ನೂ ಮೂರು ಕಡೆ ಕಾಪಾಡುವುದು ಯಾರ ನ್ಯಾಸವೂ ಅಲ್ಲ. ಅದು ಬರಿಯ ಮೂರ್ಛೆ. ಪ್ರತಿ ಮಾಡುವುದಕ್ಕೆ ಮೊದಲು ಆಯ್ದು ಬಿಡುವುದೇ ಇಲ್ಲಿ ಪರಿಮಾಣವ್ರತದ ಕೆಲಸ. ಯಾರ ಚಿತ್ರ, ಎಂದು, ಎಲ್ಲಿ ಎಂಬುದನ್ನು ಬರೆದಿಟ್ಟ ಐನೂರು ಚಿತ್ರಗಳು ಹೆಸರಿಲ್ಲದ ಐವತ್ತು ಸಾವಿರಕ್ಕಿಂತ ಮುಂದಿನವರಿಗೆ ಹೆಚ್ಚು ಉಪಕಾರಿ.

ಇದಕ್ಕಿಂತ ಕಠಿಣವಾದುದು ಗುಟ್ಟಿನ ವಿಷಯ. ಪರರ ಏಕಾಂತದ ಸಂಗತಿಯನ್ನು ಬಯಲುಮಾಡುವುದು, ರಹೋಭ್ಯಾಖ್ಯಾನ, ಅದೇ ಸತ್ಯವ್ರತದ ಅತಿಚಾರಗಳಲ್ಲೊಂದು. ಎಲ್ಲವನ್ನೂ ಉಳಿಸುವ ಯಂತ್ರಕ್ಕೆ ಏಕಾಂತವೆಂಬುದು ತಿಳಿಯದು. ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಖಾತೆಯನ್ನು ತೆರೆದಾಗ ಆಸ್ಪತ್ರೆಯ ಹಾಸಿಗೆಯ ಚಿತ್ರ, ಸ್ನೇಹಿತನ ಸಾಲಪತ್ರದ ಚಿತ್ರ ಎಲ್ಲವೂ ಅವರ ಕಣ್ಣಿಗೆ ಬೀಳುತ್ತವೆ. ಪಾಸ್‌ವರ್ಡನ್ನು ಯಾರಿಗೂ ಹೇಳದೆ ಹೋದರೆ ಮನೆತನದ ಚಿತ್ರಗಳೆಲ್ಲ ಬೀಗದೊಳಗೆ ಉಳಿದು ನಾಶವಾಗುತ್ತವೆ. ಹೇಳಿ ಹೋದರೆ ಗುಟ್ಟು ಉಳಿಯದು. ಗೂಗಲ್ ಖಾತೆಗೆ ತಮ್ಮ ನಂತರ ನೋಡಿಕೊಳ್ಳುವವರನ್ನು ಮೊದಲೇ ಹೆಸರಿಸುವ ಏರ್ಪಾಡು 2013ರಿಂದಲೂ, ಆ್ಯಪಲ್ ಖಾತೆಗೆ 2021ರಿಂದಲೂ ಇದೆ. ಆದರೆ ಯಾವುದನ್ನು ಮಕ್ಕಳ ಪಾಲಿಗೆ ಬಿಡಬೇಕು, ಯಾವುದನ್ನು ಬದುಕಿರುವಾಗಲೇ ಅಳಿಸಬೇಕು ಎಂಬುದನ್ನು ಯಾವ ಸಂಸ್ಥೆಯೂ ತೀರ್ಮಾನಿಸಿಕೊಡದು. ಆ ವಿಂಗಡಣೆಗೆ ಕಣ್ಣು ಚೆನ್ನಾಗಿರುವ ವಯಸ್ಸಿನಲ್ಲಿಯೇ ಕುಳಿತುಕೊಳ್ಳಬೇಕು.