ಶ್ರವಣಕ್ಕೆ ಅಡ್ಡವಾದ ಮೂರು ಮೆಟ್ಟಿಲು

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ದೇವರ ಪೂಜೆಯಲ್ಲಿ ಷೋಡಶೋಪಚಾರಗಳಿಗೆ ಒಂದು ಕ್ರಮವುಂಟು. ಮೊದಲು ಆವಾಹನ, ಅನಂತರ ಆಸನ, ಆಮೇಲೆ ಪಾದ್ಯ, ಅರ್ಘ್ಯ, ಆಚಮನಗಳು. ನೈವೇದ್ಯವು ಬರುವುದು ಬಹಳ ತಡವಾಗಿ. ಕರೆಯದೆ, ಕುಳ್ಳಿರಿಸದೆ ನೈವೇದ್ಯವನ್ನು ಮಾತ್ರ ಮುಂದಿಟ್ಟರೆ ಅದು ಪೂಜೆಯೆನಿಸದು. ಮನೆಗೆ ಬಂದ ಅತಿಥಿಯ ವಿಷಯದಲ್ಲಿಯೂ ಇದೇ ರೀತಿ. ಈ ಕ್ರಮವನ್ನು ಬಾಲ್ಯದಿಂದಲೇ ಕಲಿತ ನಾವು ಅದನ್ನು ಎಲ್ಲಿ ಮರೆತೆವೆಂಬುದನ್ನು ಇಂದು ನಿವೇದಿಸಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಗುಡಿಯಲ್ಲಿ ಆರಾಧನೆಯ ಅಂಗವಾಗಿ ಮೂರು ದಿನಗಳ ಪ್ರವಚನವಿತ್ತು. ಸಮೀಪದ ಊರಿನ ಗೃಹಸ್ಥರೊಬ್ಬರು ಮೂರು ಗಾಲಿಯ ಗಾಡಿಯಲ್ಲಿ ಕುಳಿತು ಬಂದಿದ್ದರು. ಬಾಲ್ಯದಲ್ಲಿ ಪೋಲಿಯೋ ತಗುಲಿ ಎರಡೂ ಕಾಲುಗಳು ಸ್ವಾಧೀನದಲ್ಲಿಲ್ಲ. ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಸಂಸಾರ ನಡೆಸುವವರು. ಗುಡಿಯ ಮುಂದೆ ಮೂರು ಮೆಟ್ಟಿಲುಗಳಿವೆ. ಅವರು ಮೆಟ್ಟಿಲ ಕೆಳಗೆ, ಬಿಸಿಲಿನಲ್ಲಿ ನಿಂತರು. ನಾವು ಅವರನ್ನು ಕಂಡು, ದಯೆಯಿಂದಲೇ ಎಂದು ತಿಳಿದು, ತೀರ್ಥಪ್ರಸಾದಗಳನ್ನು ಅಲ್ಲಿಗೇ ಒಯ್ದು ಕೊಟ್ಟೆವು. ಊಟದ ಎಲೆಯನ್ನೂ ಹೊರಗಿನ ಕಟ್ಟೆಗೆ ಕಳುಹಿಸಿದೆವು. ಮೂರನೆಯ ದಿನ ಹೊರಡುವಾಗ ಅವರು ಕೈಮುಗಿದು, "ಪ್ರಸಾದ ಸಿಕ್ತ್ರಿ ಆಚಾರ್ಯರೇ, ಪ್ರವಚನ ಸಿಗಲಿಲ್ರಿ" ಎಂದರು.

ಆ ಮಾತಿನಲ್ಲಿ ಕೋಪವಿರಲಿಲ್ಲ. ಆದರೆ ಮೂರು ದಿನ ನಾವು ಒಳಗೆ ಕುಳಿತು ಹೇಳಿದ್ದು ನವವಿಧ ಭಕ್ತಿಯ ವಿಷಯ! ಅದರಲ್ಲಿ ಮೊದಲನೆಯದೇ ಶ್ರವಣ. ಶ್ರವಣದ ಮಹಿಮೆಯನ್ನು ಸಾರುತ್ತಲೇ ಶ್ರವಣಕ್ಕಾಗಿ ಬಂದವರೊಬ್ಬರನ್ನು ಹೊರಗಿರಿಸಿದ್ದೆವು. ಆಸನವಿಲ್ಲದೆ ನೈವೇದ್ಯವನ್ನಿತ್ತಿದ್ದೆವು.

ಈ ದೋಷವು ಒಂದು ಗುಡಿಯದಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಯಾವ ಊರಿನಲ್ಲಿ ನೋಡಿದರೂ ಕಣ್ಣಿಲ್ಲದವರಿಗೆ, ಕಾಲಿಲ್ಲದವರಿಗೆ ಒಂದು ಹಿಡಿ ಅಕ್ಕಿ ನೀಡಲು ಯಾರೂ ಹಿಂದೆಗೆಯುವುದಿಲ್ಲ. ಪಂಕ್ತಿಯಲ್ಲಿ ಒಂದು ಜಾಗವನ್ನು, ಅಂಗಡಿಯಲ್ಲಿ ಒಂದು ಕೆಲಸವನ್ನು, ಸಭೆಯಲ್ಲಿ ಒಂದು ಮಾತಿಗೆ ಅವಕಾಶವನ್ನು ಕೊಡುವಾಗ ಮಾತ್ರ ಕೈ ತಡೆಯುತ್ತದೆ. ಸರಕಾರದ ಕಾಗದದಲ್ಲಿ ಅಂಗವಿಕಲರೆಂಬ ಹೆಸರು ಹೋಗಿ ವಿಕಲಚೇತನರೆಂದಾಯಿತು, ವಿಶೇಷಚೇತನರೆಂದೂ ಆಯಿತು. ಹೆಸರು ಬದಲಾದರೂ ಮೆಟ್ಟಿಲುಗಳು ಇದ್ದಲ್ಲಿಯೇ ಇವೆ.

ನಮ್ಮ ಸಿದ್ಧಾಂತವು ಏನು ಹೇಳುತ್ತದೆಂಬುದನ್ನು ವಿಚಾರಿಸೋಣ. ಶ್ರೀಮದಾಚಾರ್ಯರ ಮತದಲ್ಲಿ ಜೀವನು ಬೇರೆ, ಜಡವಾದ ಈ ದೇಹವು ಬೇರೆ. ಇಂದ್ರಿಯಗಳೂ ಎರಡು ಬಗೆ: ಪ್ರಕೃತಿಯಿಂದಾದ ಕಣ್ಣು ಕಿವಿ ಮೊದಲಾದವು ಒಂದು ಬಗೆ, ಜೀವನ ಸ್ವರೂಪವೇ ಆಗಿರುವ, ಸಾಕ್ಷಿ ಎನಿಸುವ ಇಂದ್ರಿಯ ಇನ್ನೊಂದು ಬಗೆ. ಮೊದಲನೆಯವು ಕುಂದಬಹುದು, ಕೆಡಬಹುದು. ಮುಪ್ಪಿನಲ್ಲಿ ಎಲ್ಲರಿಗೂ ಕುಂದುವುವು. ಸಾಕ್ಷಿಗೆ ಕುರುಡಿಲ್ಲ, ಕಿವುಡಿಲ್ಲ. ಸುಖದುಃಖಗಳನ್ನು, ಮಾನಾಪಮಾನಗಳನ್ನು ಅದು ನೇರಾಗಿ ಅರಿಯುತ್ತದೆ. ಜೀವರಲ್ಲಿ ತಾರತಮ್ಯವನ್ನು ಒಪ್ಪಿದವರು ನಾವು. ಆದರೆ ಆ ತಾರತಮ್ಯವು ಸ್ವರೂಪಯೋಗ್ಯತೆಯನ್ನು ಅನುಸರಿಸಿದ್ದೇ ಹೊರತು ಕೈಕಾಲುಗಳ ಲೆಕ್ಕವನ್ನು ಅನುಸರಿಸಿದ್ದಲ್ಲ. ಆ ಯೋಗ್ಯತೆಯನ್ನು ಬಲ್ಲವನು ಶ್ರೀಹರಿ. ಗಾಡಿಯಲ್ಲಿ ಕುಳಿತವರ ಯೋಗ್ಯತೆಯನ್ನು ಅಳೆಯಲು ನಮಗೆ ಯಾವ ಅಳತೆಗೋಲಿದೆ?

"ಅದು ಅವರ ಪ್ರಾರಬ್ಧ" ಎಂಬ ಮಾತೊಂದು ನಮ್ಮವರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಕರ್ಮಸಿದ್ಧಾಂತವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರಾರಬ್ಧವೆಂಬ ಮಾತು ತನಗೆ ಒದಗಿದ ಕಷ್ಟವನ್ನು ತಾನು ಧೈರ್ಯದಿಂದ ಅನುಭವಿಸಲು ಇರುವ ಔಷಧ. ಅದನ್ನು ನೆರೆಯವನ ಕಷ್ಟಕ್ಕೆ ತೀರ್ಪಿನಂತೆ ಬಳಸಿದರೆ ವಿಷವಾಗುತ್ತದೆ. ಕಾಲು ಸ್ವಾಧೀನದಲ್ಲಿಲ್ಲದಿರುವುದು ಪ್ರಾರಬ್ಧವೆಂದೇ ಇಟ್ಟುಕೊಳ್ಳೋಣ. ಮೂರು ಮೆಟ್ಟಿಲುಗಳನ್ನು ಕಟ್ಟಿದವರು ಯಾರು? ಅದು ನಮ್ಮ ಕರ್ಮ. ಅದರ ಫಲಕ್ಕೆ ನಾವೇ ಭಾಗಿಗಳು.

ಶ್ರೀಮದಾಚಾರ್ಯರು ತಾತ್ಪರ್ಯನಿರ್ಣಯವನ್ನೇ ರಚಿಸಿ ಎತ್ತಿಹಿಡಿದ ಗ್ರಂಥ ಮಹಾಭಾರತ. ಅದರ ಸಭಾಪರ್ವದಲ್ಲಿ ನಾರದರು ಧರ್ಮರಾಜನ ಸಭೆಗೆ ಬಂದು ರಾಜ್ಯಭಾರದ ಕುಶಲವನ್ನು ಪ್ರಶ್ನೆಗಳ ರೂಪದಲ್ಲಿ ವಿಚಾರಿಸುತ್ತಾರೆ. ಕೋಟೆ, ಬೊಕ್ಕಸ, ಸೈನ್ಯ, ಕೃಷಿ ಇವುಗಳ ಜತೆಯಲ್ಲಿ ಅವರು ಕೇಳುವ ಒಂದು ಪ್ರಶ್ನೆಯೆಂದರೆ, ಕುರುಡರನ್ನು, ಮೂಕರನ್ನು, ಕುಂಟರನ್ನು, ಅಂಗಹೀನರನ್ನು, ಬಂಧುಗಳಿಲ್ಲದವರನ್ನು ತಂದೆಯಂತೆ ಕಾಪಾಡುತ್ತಿರುವೆಯಾ ಎಂಬುದು. ದಾನಿಯಂತೆ ಎನ್ನಲಿಲ್ಲ, ತಂದೆಯಂತೆ ಎಂದರು. ದಾನಿಯು ಕೊಟ್ಟು ಕಳುಹಿಸುವನು. ತಂದೆಯಾದರೋ ಮಗನನ್ನು ಮನೆಯೊಳಗೆ ಇರಿಸಿಕೊಂಡು, ವಿದ್ಯೆ ಕಲಿಸಿ, ಆಸ್ತಿಯಲ್ಲಿ ಭಾಗ ಕೊಡುವನು. ಹೀನಾಂಗರನ್ನು ಆ ಕಾರಣಕ್ಕಾಗಿ ಹಳಿಯಬಾರದೆಂದು ಮನುಸ್ಮೃತಿಯೂ ವಿಧಿಸುತ್ತದೆ. ಹೀಗಿರಲು ಒಬ್ಬರ ಊನವನ್ನೇ ಅವರ ಹೆಸರಿಗೆ ಅಂಟಿಸಿ ಕರೆಯುವ ನಮ್ಮ ಊರುಗಳ ರೂಢಿಗೆ ಶಾಸ್ತ್ರದ ಆಧಾರ ಎಲ್ಲಿದೆ?

ಇನ್ನು ವಾಮನಾವತಾರವನ್ನು ನೆನೆಯಿರಿ. ಮೂರು ಲೋಕಗಳನ್ನು ಅಳೆಯಲಿರುವ ಸ್ವಾಮಿಯು ಕುಳ್ಳ ವಟುವಾಗಿ ಯಜ್ಞಶಾಲೆಗೆ ಬಂದನು. ಬಲಿಯು ಆತನ ಗಾತ್ರವನ್ನು ನೋಡಿ ನಗಲಿಲ್ಲ. ಎದ್ದು ಸ್ವಾಗತಿಸಿ, ಆಸನವಿತ್ತು, ಪಾದ ತೊಳೆದು, ಆಮೇಲೆ ಏನು ಬೇಕೆಂದು ಕೇಳಿದನು. ಇಲ್ಲಿಯೂ ಅದೇ ಕ್ರಮ: ಮೊದಲು ಆಸನ, ಆಮೇಲೆ ದಾನ.

ಪುರಾಣಕಾಲದ ಮಾತು ಸಾಕೆನ್ನುವವರಿಗೆ ನಮ್ಮ ಸೀಮೆಯಲ್ಲಿಯೇ ನಿದರ್ಶನವಿದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಬಾಲಕನು ಜನಿಸಿದನು. ಹುಟ್ಟಿನಿಂದಲೇ ಕಣ್ಣಿಲ್ಲ, ಅವನ ಸಹೋದರನಿಗೂ ಕಣ್ಣಿಲ್ಲ. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಸ್ವಾಮಿಗಳು ಆ ಬಾಲಕರ ಕಂಠವನ್ನು ಮೆಚ್ಚಿದರು. ಮೆಚ್ಚಿ ಕೈಗೆ ಕಾಸನ್ನಿತ್ತು ಕಳುಹಿಸಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಗದಿಗೆಯ್ಯನೇ ಮುಂದೆ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಬಲ್ಲ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ, ಕಣ್ಣಿಲ್ಲದವರಿಗೂ ಅನಾಥರಿಗೂ ಅನ್ನದ ಜತೆಗೆ ವಿದ್ಯೆಯನ್ನಿತ್ತು 1944ರಲ್ಲಿ ತೀರಿಕೊಂಡರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಅದೇ ತಾಲೂಕಿನ ದೇವರ ಹೊಸಪೇಟೆಯಲ್ಲಿ 1914ರಲ್ಲಿ ಹುಟ್ಟಿ, ಎಳೆಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಅನೇಕ ವಾದ್ಯಗಳನ್ನು ನುಡಿಸಿದರು, ಗ್ರಂಥಗಳನ್ನು ಬರೆದರು, ಆಶ್ರಮವನ್ನು ಬೆಳೆಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೇಹವಿಟ್ಟರು. ಅವರ ಮತಾಚಾರ ಬೇರೆ, ನಮ್ಮದು ಬೇರೆ. ಒಳ್ಳೆಯದನ್ನು ಕಲಿಯಲು ಅದು ಅಡ್ಡಿಯಾಗಬಾರದು.

ಈ ಕಥೆಯನ್ನು ಕೇಳಿದವರು, "ಕಣ್ಣಿಲ್ಲದಿದ್ದರೂ ಎಂಥ ಸಾಧನೆ!" ಎಂದು ಬೆರಗಾಗಿ ಸುಮ್ಮನಾಗುವುದುಂಟು. ಅದು ಸಾಲದು. ಎಲ್ಲ ಅಂಗವಿಕಲರೂ ಗಾನಯೋಗಿಗಳಾಗಬೇಕಾಗಿಲ್ಲ. ಕಣ್ಣುಳ್ಳ ನಾವೆಲ್ಲರೂ ಏನಾಗಿದ್ದೇವೆ? ಇಲ್ಲಿ ಕಲಿಯಬೇಕಾದದ್ದು, ಒಬ್ಬ ಗುರುವು ಬಾಲಕನಿಗೆ ತನ್ನ ಬಳಿ ಸ್ಥಾನ ಕೊಟ್ಟನೆಂಬುದನ್ನು. ಆ ಸ್ಥಾನ ಸಿಗದೆ ಹೋದ ಬಾಲಕರ ಹೆಸರುಗಳು ಯಾರಿಗೂ ಗೊತ್ತಿಲ್ಲ.

ಲೌಕಿಕ ಕಾನೂನೂ ಈಗ ಇದನ್ನೇ ಹೇಳುತ್ತಿದೆ. 1995ರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ಕಾಯಿದೆಯು ಇಪ್ಪತ್ತೊಂದನ್ನು ಗುರುತಿಸಿ, ಸರಕಾರಿ ಹುದ್ದೆಗಳಲ್ಲಿ ಶೇಕಡಾ 4ರಷ್ಟು ಮೀಸಲಿರಿಸಿತು. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು ವಿಧಿಸುವ ಆ ಕಾಯಿದೆ, ಧಾರ್ಮಿಕ ಕಾರ್ಯಗಳಿಗೆ ಜನರು ಸೇರುವ ಕಟ್ಟಡಗಳನ್ನೂ ಅದರಲ್ಲಿ ಸೇರಿಸಿದೆ. ಆದರೆ ಕಾನೂನಿನ ಭಯದಿಂದ ಮಾಡುವುದಕ್ಕಿಂತ ಭಗವತ್ಪ್ರೀತಿಗಾಗಿ ಮಾಡುವುದು ಲೇಸು.

ನಮ್ಮ ಗುಡಿಯಲ್ಲಿ ಮಾಡಿದ್ದು ಅಲ್ಪವೇ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂದು ಬಲ್ಲವರು ಹೇಳಿದರು. ನಮ್ಮದು ಒಂದೂವರೆ ಅಡಿ. ಹದಿನೆಂಟು ಅಡಿಯ ದಾರಿಯನ್ನು ಗೋಡೆಯ ಪಕ್ಕದಲ್ಲಿ ಹಾಕಿಸಿದೆವು. ಗಾಲಿಯಿಂದ ಮೈಲಿಗೆಯಾಗುವುದೆಂದು ಹಿರಿಯರೊಬ್ಬರು ಶಂಕಿಸಿದರು. ನಾವು ಕಾಲು ತೊಳೆದು ಒಳಗೆ ಬರುವಂತೆ ಗಾಲಿಯನ್ನೂ ತೊಳೆದರಾಯಿತೆಂದು ನಿರ್ಣಯವಾಯಿತು. ಗರ್ಭಗುಡಿಯ ಪೂಜಾಧಿಕಾರದ ವಿಚಾರವನ್ನು ವಿದ್ವಾಂಸರು ಚರ್ಚಿಸಲಿ. ಶ್ರವಣಕ್ಕೆ, ಪಾರಾಯಣಕ್ಕೆ, ಸೇವೆಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಆ ಗೃಹಸ್ಥರ ಮನೆಗೆ ಹೋಗಿ, ಉತ್ಸವದ ಲೆಕ್ಕಪತ್ರಗಳನ್ನು ನೋಡಿಕೊಳ್ಳಬೇಕೆಂದು ಕೇಳಿಕೊಂಡೆವು. "ಪಾಪ, ಅವರಿಗೇಕೆ ತೊಂದರೆ" ಎಂದರು ಸಮಿತಿಯವರು. ಆ 'ಪಾಪ' ಎಂಬ ಮಾತಿನಿಂದಲೇ ಅವರು ಎಷ್ಟು ಕೆಲಸಗಳಿಂದ ಹೊರಗುಳಿದರೆಂಬುದು ಆಮೇಲೆ ತಿಳಿಯಿತು. ಅವರು ಒಪ್ಪಿದರು, ಒಂದು ಕರಾರಿನ ಮೇಲೆ: "ಪ್ರವಚನದ ಹೊತ್ತಿನ್ಯಾಗ ಮಾತ್ರ ಲೆಕ್ಕಾ ಕೇಳಬಾರದ್ರಿ."

ಓದುಗರಲ್ಲಿ ನಮ್ಮ ಪ್ರಾರ್ಥನೆ ಇಷ್ಟು. ಕಣ್ಣಿಲ್ಲದವರು ದರ್ಶನಕ್ಕೆ ಬಂದರೆ ಇಂದಿನ ಅಲಂಕಾರವೇನು, ಯಾವ ಹೂವು ಎಂದು ಪಕ್ಕದಲ್ಲಿ ನಿಂತು ಹೇಳಿರಿ. ತೀರ್ಥ ಕೊಡುವ ಮುನ್ನ ತೀರ್ಥವೆಂದು ನುಡಿಯಿರಿ. ಕಿವಿ ಮಂದವಾದವರನ್ನು ಮುಂದೆ ಕುಳ್ಳಿರಿಸಿರಿ. ಜತೆಗೆ ಬಂದವರನ್ನು ಕೇಳದೆ ಅವರನ್ನೇ ಮಾತನಾಡಿಸಿರಿ. ನೆಲದ ಮೇಲೆ ಕೂಡಲಾರದವರಿಗೆ ಪಂಕ್ತಿಯಲ್ಲಿಯೇ ಎತ್ತರದ ಆಸನವಿರಲಿ. ಅಂಗಡಿ, ಗಿರಣಿ, ಶಾಲೆ ನಡೆಸುವವರು, ಈ ಕೆಲಸ ಇವರಿಂದಾಗದೆಂದು ತಾವೇ ನಿರ್ಧರಿಸದೆ, ಮೊದಲು ಅವರನ್ನು ಕೇಳಿರಿ.

ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಹೊರಗೆ ನಿಂತಾಗ ಉಡುಪಿಯ ಕೃಷ್ಣನು ಅವರತ್ತ ತಿರುಗಿದನೆಂಬ ಪ್ರತೀತಿಯನ್ನು ಭಕ್ತಿಯಿಂದ ಹೇಳುತ್ತೇವೆ. ಸ್ವಾಮಿಯು ತಿರುಗಿದನು ಸರಿ; ಒಳಗಿದ್ದವರು ತಿರುಗಿ ನೋಡಿದರೇ ಎಂಬ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಫಾಲ್ಗುಣದಲ್ಲಿ ಸವಣೂರಿನ ಶ್ರೀ ಸತ್ಯಬೋಧತೀರ್ಥರ ಬೃಂದಾವನಕ್ಕೆ ಆರಾಧನೆಗೆಂದು ಹೊರಡುವಾಗ, ಓಣಿಯಲ್ಲಿ ಮನೆಬಿಟ್ಟು ಬರಲಾರದವರೊಬ್ಬರಿದ್ದರೆ ಅವರ ಬಾಗಿಲಿಗೆ ಹೋಗಿ, "ಬರುತ್ತೀರಾ, ಜತೆಗೆ ಹೋಗೋಣ" ಎಂದು ಕೇಳಿರಿ. ಪ್ರಸಾದವನ್ನು ತಂದು ಕೊಡುವುದು ಅವರು ಬರಲಾರೆನೆಂದ ಮೇಲಿನ ಮಾತು.

॥ ಶ್ರೀಕೃಷ್ಣಾರ್ಪಣಮಸ್ತು ॥