ಮರಣದ ಮಾತಿಗೆ ಸೂತಕವುಂಟೆ?



ಮನೆಯ ಹಿರಿಯರು ತಮ್ಮ ಅಂತ್ಯಕಾಲದ ವಿಚಾರವನ್ನೆತ್ತಿದೊಡನೆ ಮಕ್ಕಳು “ಬಿಡ್ತು ಅನ್ನಿ” ಎಂದು ಅವರ ಮಾತನ್ನು ತಡೆಯುವುದು ನಮ್ಮಲ್ಲಿ ವಾಡಿಕೆ. ಅದು ಪ್ರೀತಿಯಿಂದ ಬಂದ ಮಾತೇ ಅಹುದು. ಆದರೆ ಆ ಪ್ರೀತಿಯೊಳಗೆ ಒಂದು ಭಯವೂ ಅಡಗಿದೆ. ಹೆಸರೆತ್ತಿದರೆ ಮರಣವು ಬಂದೀತೆಂಬ ಭಯ. ಶರಣಮಾರ್ಗದಲ್ಲಿ ನಡೆಯುವವರಿಗೆ ಈ ಭಯವು ಸಲ್ಲತಕ್ಕದ್ದೇ?

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗಧಾರಿಗಿಲ್ಲವೆಂಬುದು ನಮ್ಮ ಧರ್ಮದ ನಿಲುವು. ಆದುದರಿಂದಲೇ ನಾವು ಅಗಲಿದವರನ್ನು ಸತ್ತರೆನ್ನದೆ ಲಿಂಗೈಕ್ಯರಾದರೆನ್ನುತ್ತೇವೆ. ಕುಳಿತ ಭಂಗಿಯಲ್ಲಿರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಪತ್ರೆಗಳೊಡನೆ ಕ್ರಿಯಾಸಮಾಧಿ ಮಾಡುತ್ತೇವೆ. ಮರಣಕ್ಕೇ ಸೂತಕವಿಲ್ಲವೆಂದ ಮೇಲೆ ಮರಣದ ಮಾತಿಗೆ ಸೂತಕವೆಲ್ಲಿಂದ ಬಂದಿತು?

ಮೌನದ ಫಲವನ್ನು ನೋಡಿರಿ. ತಂದೆಗೆ ಪ್ರಜ್ಞೆಯಿಲ್ಲ, ಉಸಿರನ್ನು ಯಂತ್ರವು ನಡೆಸುತ್ತಿದೆ. ಗುಣವಾಗುವ ಆಸೆಯಿಲ್ಲವೆಂದು ಹೇಳಿದ ವೈದ್ಯರು, ಮುಂದೇನು ಮಾಡೋಣವೆಂದು ಮಕ್ಕಳನ್ನು ಕೇಳುತ್ತಾರೆ. ಮಗನು ಚಿಕಿತ್ಸೆ ನಡೆಯಲಿ ಎನ್ನುತ್ತಾನೆ. ಮಗಳು ಇನ್ನು ನೋಯಿಸಬೇಡಿರಿ ಎನ್ನುತ್ತಾಳೆ. ಇಬ್ಬರದೂ ಪ್ರೀತಿಯೇ. ತಂದೆಯ ಇಚ್ಛೆಯೇನೆಂಬುದು ಮಾತ್ರ ಇಬ್ಬರಿಗೂ ತಿಳಿಯದು. ಕಡೆಗೆ ತಂದೆಯೂ ಉಳಿಯುವುದಿಲ್ಲ, ಒಡಹುಟ್ಟಿದವರ ಬಾಂಧವ್ಯವೂ ಉಳಿಯುವುದಿಲ್ಲ. ಹಿರಿಯರು ಆಡಬೇಕಾಗಿದ್ದ ಒಂದು ಮಾತಿನ ಭಾರವನ್ನು ಕಿರಿಯರು ಜೀವಮಾನವಿಡೀ ಹೊರುತ್ತಾರೆ.

ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳ ನಡೆಯನ್ನು ಇಲ್ಲಿ ನೆನೆಯಬೇಕು. 2014ರ ಗುರುಪೂರ್ಣಿಮೆಯಂದೇ ಅವರು ತಮ್ಮ ಅಂತಿಮ ಇಚ್ಛೆಯನ್ನು ಬರೆದಿರಿಸಿದ್ದರು. ದೇಹವನ್ನು ಭೂಮಿಯಲ್ಲಿರಿಸದೆ ಅಗ್ನಿಗರ್ಪಿಸಬೇಕು, ಚಿತಾಭಸ್ಮವನ್ನು ನೀರಿನಲ್ಲಿ ವಿಸರ್ಜಿಸಬೇಕು, ಸ್ಮಾರಕವನ್ನು ಕಟ್ಟಬಾರದು ಎಂಬುದು ಅದರ ಸಾರ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದರು. ಮರುದಿನ ಅವರ ಬರಹದಂತೆಯೇ ಅಗ್ನಿಸಂಸ್ಕಾರವಾಯಿತು. ಅಪಾರ ಭಕ್ತಸಮೂಹದ ಹಂಬಲಕ್ಕಿಂತ ಆ ಒಂದು ಪತ್ರವು ಹಿರಿದಾಯಿತು. ನಾವೆಲ್ಲರೂ ಅವರ ಇಚ್ಛೆಯನ್ನೇ ನಮ್ಮದಾಗಿಸಿಕೊಳ್ಳಬೇಕೆಂದಲ್ಲ. ಇಚ್ಛೆಯನ್ನು ಮುಂಚಿತವಾಗಿ ತಿಳಿಸುವ ಆ ಎಚ್ಚರವನ್ನು ನಮ್ಮದಾಗಿಸಿಕೊಳ್ಳಬೇಕು.

ದೇಶದ ಕಾನೂನೂ ಇದಕ್ಕೆ ದಾರಿಮಾಡಿದೆ. ಗುಣವಾಗದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಮಾನ್ಯಮಾಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಪ್ರಾಪ್ತವಯಸ್ಕರು ಸ್ವಸ್ಥಬುದ್ಧಿಯಲ್ಲಿರುವಾಗ ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತಮಗೆ ಮಾತು ನಿಂತಾಗ ತಮ್ಮ ಪರವಾಗಿ ಮಾತನಾಡತಕ್ಕವರ ಹೆಸರನ್ನೂ ಅದರಲ್ಲಿ ಕಾಣಿಸಬೇಕು. ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿತು. ಪತ್ರವಿದೆಯೆಂದು ಒಬ್ಬ ವೈದ್ಯರೇ ಯಂತ್ರವನ್ನು ತೆಗೆಯುವಂತಿಲ್ಲ. ವೈದ್ಯರ ಎರಡು ಮಂಡಲಿಗಳು ಪರಿಶೀಲಿಸಿ ಒಪ್ಪಬೇಕು.

ಇದು ಜೀವಕ್ಕೆ ಎರಡು ಬಗೆದಂತಲ್ಲವೇ ಎಂದು ಕೆಲವರು ಶಂಕಿಸಬಹುದು. ಅಲ್ಲ. ದೇಹವು ಪ್ರಸಾದವೆಂದು ನಂಬಿದವರು ಅದನ್ನು ಕಡೆಗಣಿಸಲಾಗದು. ರೋಗಕ್ಕೆ ಮದ್ದನ್ನೂ ನೋವಿಗೆ ಶಮನವನ್ನೂ ಕೊನೆಯವರೆಗೆ ಕೊಡಲೇಬೇಕು. ಆದರೆ ಪ್ರಸಾದವನ್ನು ಕೊಟ್ಟವನು ಹಿಂದಕ್ಕೆ ಕರೆದಾಗ ಬಲವಂತದಿಂದ ಹಿಡಿದಿಡುವುದು ಭಕ್ತಿಯಲ್ಲ.

ಆದುದರಿಂದ ಆರೋಗ್ಯವಿರುವಾಗಲೇ ಮಾತನಾಡಿರಿ. ಕೊನೆಯ ದಿನಗಳು ಮನೆಯಲ್ಲೋ ಆಸ್ಪತ್ರೆಯಲ್ಲೋ, ಸಮಾಧಿ ಎಲ್ಲಿ, ನೇತ್ರದಾನ ಮಾಡಬೇಕೇ, ಯಾರ ಋಣ ತೀರಬೇಕು, ಮಡದಿಯ ಜೀವನಕ್ಕೇನು ಆಧಾರ ಎಂಬುದನ್ನು ಹೇಳಿರಿ. ಆಸ್ತಿಯ ಮಾತನ್ನು ಇಬ್ಬರು ಸಾಕ್ಷಿಗಳೊಡನೆ ಮೃತ್ಯುಪತ್ರದಲ್ಲಿ ಬರೆಯಿರಿ. ಮಕ್ಕಳೇ, ಹಿರಿಯರು ಬಾಯಿ ತೆರೆದಾಗ “ಬಿಡ್ತು” ಎನ್ನದೆ, “ಹೇಳಿರಿ ಅಪ್ಪಾ, ಹೇಳಿರಿ ಅವ್ವಾ” ಎಂದು ಬಳಿಯಲ್ಲಿ ಕುಳಿತುಕೊಳ್ಳಿರಿ. ಗಳಿಸಿದ್ದನ್ನು ಹಂಚುವುದು ದಾಸೋಹವಾದರೆ, ಹೋಗುವ ಮುನ್ನ ಮನಸ್ಸನ್ನು ತೆರೆದು ಉಳಿದವರ ಭಾರವನ್ನು ಇಳಿಸುವುದೂ ದಾಸೋಹವೇ.